ಸದಸ್ಯರು ಸಾವಿರ, ಮಾತು ನಾಲ್ವರದ್ದು

ಸಾಹಿತ್ಯ ಶಿಬಿರವೊಂದು ಮುಗಿದ ಕೂಡಲೇ ನಮ್ಮಲ್ಲಿ ಮೊದಲು ನಡೆಯುವ ಕೆಲಸ ಯಾವುದು? ವಾಟ್ಸ್ಆ್ಯಪ್ ಗ್ರೂಪ್ ಮಾಡೋದು. ಗ್ರೂಪಿಗೊಂದು ಚಂದದ ಹೆಸರು, ಡಿಪಿಗೆ ಒಂದು ಲೇಖನಿಯ ಚಿತ್ರ, ಮೂವರು ಅಡ್ಮಿನ್‌ಗಳು. ಮೊದಲ ವಾರ ಸಲಾಂ, ಪರಿಚಯ, ಅಭಿನಂದನೆ. ಎರಡನೇ ವಾರದಿಂದ ಫಾರ್ವರ್ಡ್‌ಗಳು. ಮೂರನೇ ತಿಂಗಳಿಗೆ ಬಂದರೆ ನಾಲ್ಕು ಜನ ಮಾತಾಡ್ತಿರ್ತಾರೆ, ಉಳಿದವರು ನೋಡ್ತಿರ್ತಾರೆ, ಇಲ್ಲವೇ ಮ್ಯೂಟ್ ಮಾಡಿ ಮರೆತಿರ್ತಾರೆ. ಒಂದು ಗ್ರೂಪಿಗೆ 256 ಜನ ಎಂದಿದ್ದ ಮಿತಿಯನ್ನು ವಾಟ್ಸ್ಆ್ಯಪ್ 2022ರಲ್ಲಿ ಮೊದಲು 512ಕ್ಕೆ, ಆಮೇಲೆ 1,024ಕ್ಕೆ ಏರಿಸಿತು. ಸದಸ್ಯರ ಸಂಖ್ಯೆ ಏರಿತು. ಮಾತಾಡುವವರು ಮಾತ್ರ ನಾಲ್ವರೇ ಉಳಿದರು.

ಆಗ ಅಡ್ಮಿನ್‌ಗಳ ದೂರು ಶುರುವಾಗುತ್ತದೆ. ಎಷ್ಟು ಹೇಳಿದರೂ ಯಾರೂ ಭಾಗವಹಿಸೋದಿಲ್ಲ, ನಮ್ಮ ಸಮುದಾಯದಲ್ಲಿ ಓದೋ ಅಭ್ಯಾಸವೇ ಇಲ್ಲ, ಹೊಸ ಹುಡುಗರಿಗೆ ರೀಲ್ಸ್ ಸಾಕು. ಈ ದೂರನ್ನು ನಾವು ಎಷ್ಟು ಸಲ ಕೇಳಿದ್ದೇವೆಂದರೆ ಅದು ನಿಜವೇ ಎಂದು ಯಾರೂ ಪರೀಕ್ಷಿಸುವುದಿಲ್ಲ. ಪರೀಕ್ಷಿಸಿದರೆ ದೂರು ತಪ್ಪು ವಿಳಾಸಕ್ಕೆ ಹೋಗುತ್ತಿದೆ ಅನ್ನಿಸುತ್ತದೆ. ಸುಮ್ಮನಿರುವವರನ್ನು ಬೈಯುವ ಮುಂಚೆ, ಅವರು ಬಾಯಿ ತೆರೆದ ದಿನ ಏನಾಯಿತು ಅಂತ ಕೇಳಬೇಕು. ಯಾರಾದರೂ ಉತ್ತರ ಕೊಟ್ಟರೇ? ಏನು ಬರೆಯಬೇಕೆಂದು ಹೇಳಿದ್ದರೇ? ತಪ್ಪಾದಾಗ ಹೇಗೆ ತಿದ್ದಿದರು? ಒಂದು ಕೂಟ ಬದುಕುವುದು, ಸಾಯುವುದು ಈ ಮೂರು ಪ್ರಶ್ನೆಗಳ ಮೇಲೆ.

ಇಂಟರ್ನೆಟ್ಟಿನ ಮಂದಿಗೆ ಇದಕ್ಕೆ ಒಂದು ಸಿದ್ಧ ಸೂತ್ರವಿದೆ. ಯಾಕೋಬ್ ನೀಲ್ಸನ್ ಎಂಬ ತಜ್ಞರು 2006ರಲ್ಲಿ ಬರೆದದ್ದು: ಆನ್‌ಲೈನ್ ಕೂಟಗಳಲ್ಲಿ ನೂರಕ್ಕೆ 90 ಮಂದಿ ಬರೀ ನೋಡುತ್ತಾರೆ, 9 ಮಂದಿ ಆಗೊಮ್ಮೆ ಈಗೊಮ್ಮೆ ಸೇರಿಕೊಳ್ಳುತ್ತಾರೆ, ಹೆಚ್ಚಿನ ಕೆಲಸವೆಲ್ಲ ಉಳಿದ ಒಬ್ಬರದ್ದು. ಈ ಲೆಕ್ಕವನ್ನು ನಮ್ಮ ಗ್ರೂಪುಗಳಲ್ಲಿ ಸಮಾಧಾನದ ಮಾತಾಗಿ ಬಳಸುತ್ತಾರೆ. "ಎಲ್ಲ ಕಡೆ ಹೀಗೇನೇ" ಅಂತ. ಆದರೆ ನೀಲ್ಸನ್ ಬರೆದದ್ದು ಈ ಅಸಮಾನತೆಯನ್ನು ಪೂರಾ ಅಳಿಸಲಾಗದಿದ್ದರೂ ಕಡಿಮೆ ಮಾಡುವ ದಾರಿಗಳಿವೆ ಅಂತ ಹೇಳುವುದಕ್ಕೆ. ಭಾಗವಹಿಸುವ ಕೆಲಸ ಸುಲಭವಾಗಿರಲಿ, ಚಿಕ್ಕದಾಗಿರಲಿ ಎಂಬುದು ಅವರ ಸಲಹೆಗಳಲ್ಲಿ ಮುಖ್ಯವಾದದ್ದು. ಲೆಕ್ಕ ಮಾತ್ರ ನೆನಪಿಟ್ಟುಕೊಂಡು ಸಲಹೆಯನ್ನು ನಾವು ಬಿಟ್ಟುಬಿಟ್ಟೆವು.

ಈ ಸಲಹೆಗಳು ಕಂಪ್ಯೂಟರ್ ಕಾಲದ ಶೋಧವೂ ಅಲ್ಲ. ಹೈದರಾಬಾದಿನ ಕೋಠಿಯ ಸುತ್ತ ಒಂದೆರಡು ಮೈಲಿ ನಡೆದರೆ ಸಾಕು, ಇಂಥ ಕೂಟಗಳು ಹೇಗೆ ಹುಟ್ಟಿದವು, ಹೇಗೆ ಒಡೆದವು ಎಂಬುದರ ಇತಿಹಾಸವೇ ಸಿಗುತ್ತದೆ. ಕೋಠಿ ಎಂದರೆ ಬಂಗಲೆ. ಬ್ರಿಟಿಷ್ ರೆಸಿಡೆಂಟನ ಆ ದೊಡ್ಡ ಬಂಗಲೆಯಿಂದ ಆ ಬಡಾವಣೆಗೇ ಈ ಹೆಸರು ಬಂತು. ಬಂಗಲೆಯಲ್ಲಿ ಆಮೇಲೆ ಮಹಿಳಾ ಕಾಲೇಜು ನಡೆಯಿತು. ಈಗ ಕೋಠಿ ಎಂದರೆ ಜನಕ್ಕೆ ನೆನಪಾಗುವುದು ಸಿಟಿ ಬಸ್ಸು, ಬಟ್ಟೆ ಅಂಗಡಿ, ಫುಟ್‌ಪಾತಿನ ಹಳೇ ಪುಸ್ತಕ. ಕನ್ನಡಿಗರಿಗೂ ಇದು ದೂರದ ಜಾಗವಲ್ಲ. ಪಕ್ಕದ ಕಾಚಿಗುಡದಲ್ಲೇ ನೃಪತುಂಗ ಶಾಲೆ ಇದೆ, ಕರ್ನಾಟಕ ಸಾಹಿತ್ಯ ಮಂದಿರ ಇದೆ. ಬೀದರ್, ಗುಲ್ಬರ್ಗ, ರಾಯಚೂರಿನವರಿಗೆ 1948ರವರೆಗೆ, ಆಮೇಲೂ 1956ರವರೆಗೆ, ಇದೇ ರಾಜಧಾನಿ.

ಇಲ್ಲಿನ ಸುಲ್ತಾನ್ ಬಜಾರಿನಲ್ಲಿ 1901ರ ಸೆಪ್ಟೆಂಬರ್ 1ರಂದು ಶ್ರೀ ಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ ಎಂಬ ಗ್ರಂಥಾಲಯ ಶುರುವಾಯಿತು. ನಿಜಾಮರ ರಾಜ್ಯದಲ್ಲಿ ತೆಲುಗಿಗೆಂದು ಹುಟ್ಟಿದ ಮೊದಲ ಗ್ರಂಥಾಲಯ ಅದು. ಕೊಮರ್ರಾಜು ಲಕ್ಷ್ಮಣರಾವ್, ಮುನಗಾಲದ ಜಮೀನ್ದಾರರಾದ ನಾಯನಿ ವೆಂಕಟರಂಗಾರಾವ್, ರಾವಿಚೆಟ್ಟು ರಂಗಾರಾವ್ ಮೊದಲಾದವರು ಸೇರಿ ಮಾಡಿದ್ದು. ಶುರುವಾದದ್ದು ರಂಗಾರಾವ್ ಅವರ ಮನೆಯಲ್ಲೇ. ಆಗ ಆ ಪೇಟೆ ರೆಸಿಡೆನ್ಸಿ ಬಜಾರ್. ಅಲ್ಲಿ ನಡೆಯುತ್ತಿದ್ದದ್ದು ರೆಸಿಡೆಂಟನ ಅಧಿಕಾರ. ಮುಂದೆ ನಿಜಾಮ್ ಸರ್ಕಾರ ಸಭೆ ಸೇರಲು ಅನುಮತಿ ಬೇಕೆಂದು ಗಸ್ತಿ, ಅಂದರೆ ಸುತ್ತೋಲೆ, ಹೊರಡಿಸಿದ ಕಾಲದಲ್ಲಿ ಇಂಥ ಜಾಗಗಳ ಬೆಲೆ ಗೊತ್ತಾಯಿತು.

ಉರ್ದು ಆಡಳಿತದ ಊರಿನಲ್ಲಿ ತೆಲುಗಿನವರು ಕಟ್ಟಿಕೊಂಡ ಈ ಗ್ರಂಥಾಲಯದ ಬಗ್ಗೆ ಕನ್ನಡ ಮುಸ್ಲಿಂ ಓದುಗರು ಯಾಕೆ ತಲೆಕೆಡಿಸಿಕೊಳ್ಳಬೇಕು ಎಂದು ಕೇಳಬಹುದು. ಕಾರಣ ಇದೆ. ಮನೆಮಾತು ಒಂದು, ಶಾಲೆಯ ಮಾತು ಇನ್ನೊಂದು, ಕಚೇರಿಯ ಮಾತು ಮತ್ತೊಂದು ಆಗಿರುವವರು ಬರೆಯಲು ಕೂತರೆ ಏನು ಕಷ್ಟ ಅಂತ ಅವರಿಗೂ ಗೊತ್ತಿತ್ತು, ನಮಗೂ ಗೊತ್ತು. ನಮ್ಮಲ್ಲಿ ಒಬ್ಬರ ಮನೆಯಲ್ಲಿ ದಖ್ಖನಿ, ಒಬ್ಬರ ಮನೆಯಲ್ಲಿ ಬ್ಯಾರಿ, ಭಟ್ಕಳದವರಲ್ಲಿ ನವಾಯತಿ. ಬರವಣಿಗೆ ಕನ್ನಡದಲ್ಲಿ. ಬಾನು ಮುಷ್ತಾಕ್ ಅವರನ್ನು ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮದ ಶಾಲೆಗೆ ಸೇರಿಸಿಕೊಂಡದ್ದು ಆರು ತಿಂಗಳಲ್ಲಿ ಕನ್ನಡ ಓದಲು, ಬರೆಯಲು ಕಲಿಯಬೇಕು ಎಂಬ ಷರತ್ತಿನ ಮೇಲೆ. ಅವರ ಕಥೆಗಳ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿದೆವು. ಅದೇ ಷರತ್ತನ್ನು ನಮ್ಮ ಗ್ರೂಪಿಗೆ ಬರುವ ಪ್ರತಿಯೊಬ್ಬ ಹುಡುಗ, ಹುಡುಗಿಯ ಮೇಲೂ ನಾವು ಬಾಯಿಬಿಟ್ಟು ಹೇಳದೆಯೇ ಹೇರುತ್ತಿದ್ದೇವೆ, ಆರು ತಿಂಗಳ ಗಡುವನ್ನೂ ಕೊಡದೆ.

ಕೋಠಿಯ ಇತಿಹಾಸದ ಎರಡನೇ ಘಟನೆ ಇದೇ ವಿಷಯದ್ದು. 1921ರ ನವೆಂಬರಿನಲ್ಲಿ ಇಲ್ಲಿನ ವಿವೇಕವರ್ಧಿನಿಯಲ್ಲಿ ನಿಜಾಮ್ ರಾಜ್ಯದ ಸಮಾಜ ಸುಧಾರಣಾ ಸಮ್ಮೇಳನ ನಡೆಯಿತು. ಅಧ್ಯಕ್ಷರು ಮಹರ್ಷಿ ಕರ್ವೆ, ಹೆಣ್ಣುಮಕ್ಕಳ ಶಿಕ್ಷಣಕ್ಕೆ ಜೀವ ತೇದವರು. ಭಾಷಣಗಳು ಇಂಗ್ಲಿಷ್, ಉರ್ದು, ಮರಾಠಿಯಲ್ಲಿ ಸಾಗಿದ್ದವು. ಅಲ್ಲಂಪಲ್ಲಿ ವೆಂಕಟರಾಮರಾವ್ ಎಂಬ ವಕೀಲರು ಎದ್ದು ತೆಲುಗಿನಲ್ಲಿ ಮಾತು ಶುರುಮಾಡಿದರು. ಸಭೆಯಲ್ಲಿ ನಗು, ಗಲಾಟೆ, ಚಪ್ಪಾಳೆಯ ಗೇಲಿ. ಮಾತು ಮುಂದುವರಿಸಲು ಆಗಲಿಲ್ಲ. ತೆಲುಗಿನವರು ಎದ್ದು ಹೊರಗೆ ಬಂದರು. ಅಂದೇ ರಾತ್ರಿ ಕೆಲವೇ ಜನ ಒಂದು ಮನೆಯಲ್ಲಿ ಸೇರಿ ಆಂಧ್ರ ಜನಸಂಘ ಕಟ್ಟಿದರು. ಅದೇ ಬೆಳೆದು 1930ರಲ್ಲಿ ಆಂಧ್ರ ಮಹಾಸಭೆಯಾಯಿತು. ತೆಲಂಗಾಣದ ರಾಜಕೀಯ ಇತಿಹಾಸವನ್ನೇ ಅದು ತಿರುಗಿಸಿತು.

ಆ ದಿನ ನಕ್ಕವರು ಕೆಟ್ಟವರಲ್ಲ. ಅವರು ಸಮಾಜ ಸುಧಾರಣೆಗೆಂದೇ ಬಂದು ಕೂತವರು. ಬಾಲ್ಯವಿವಾಹ ಬೇಡ, ಹೆಣ್ಣುಮಕ್ಕಳು ಓದಲಿ ಎನ್ನುವವರು. ಒಳ್ಳೆಯ ಉದ್ದೇಶ ಇದ್ದರೆ ಸಾಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ನಮ್ಮ ಗ್ರೂಪುಗಳಲ್ಲಿ ನಗುವವರೂ ಹಾಗೇ. ಕೋಮು ಸೌಹಾರ್ದದ ಬಗ್ಗೆ ಲೇಖನ ಬರೆಯುವವರು, ವೇದಿಕೆಯ ಮೇಲೆ ಹೊಸಬರಿಗೆ ಅವಕಾಶ ಕೊಡಿ ಅನ್ನುವವರು. ಆದರೆ ಒಬ್ಬ ವಿದ್ಯಾರ್ಥಿ 'ಹಾಸನ'ದ ಜಾಗದಲ್ಲಿ 'ಆಸನ' ಅಂತ ಬರೆದರೆ, 'ಅವಳು ಬಂದನು' ಅಂತ ಲಿಂಗ ತಪ್ಪಿಸಿದರೆ, ನಗುವ ಎಮೋಜಿ ಬೀಳೋದು ಇವರ ಕೈಯಿಂದಲೇ. ಕನ್ನಡ ಸಿನಿಮಾ ನಮಗೆ 'ನಮ್ದೂಕೆ ನಿಮ್ದೂಕೆ' ಎನ್ನುವ ಸಾಬರ ಪಾತ್ರವನ್ನು ದಶಕಗಟ್ಟಲೆ ತೋರಿಸಿತು. ಅದರ ವಿರುದ್ಧ ನಾವು ಸರಿಯಾಗಿಯೇ ಸಿಟ್ಟಾಗುತ್ತೇವೆ. ಆ ಸಿನಿಮಾದ ಪ್ರೇಕ್ಷಕರ ಸಾಲಿನಲ್ಲಿ ನಾವೇ ಕೂತು ನಮ್ಮವನ ಕನ್ನಡಕ್ಕೆ ನಗುವುದು ಯಾವ ನ್ಯಾಯ?

ಆಗಿನವರಿಗೂ ಈಗಿನವರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. 1921ರಲ್ಲಿ ಅವಮಾನವಾದವರು ಎದ್ದು ಹೊರಟರು, ಹೊರಟದ್ದು ಎಲ್ಲರಿಗೂ ಕಾಣಿಸಿತು. ಗ್ರೂಪಿನಲ್ಲಿ ಅವಮಾನವಾದವನು ಎದ್ದು ಹೋಗುವುದಿಲ್ಲ. ಲೆಫ್ಟ್ ಆದರೆ ಅಡ್ಮಿನ್‌ಗಳಿಗೆ ತಿಳಿಯುತ್ತದೆ ಎಂದು ಅಲ್ಲೇ ಇರುತ್ತಾನೆ, ಮತ್ತೆಂದೂ ಬರೆಯುವುದಿಲ್ಲ. ಸದಸ್ಯರ ಲೆಕ್ಕದಲ್ಲಿ ಅವನ ಹೆಸರು ಹಾಗೇ ಇರುತ್ತದೆ. ಆದ್ದರಿಂದ ನಮ್ಮ ಕೂಟ ಒಡೆದಿದೆ ಎಂಬುದೇ ನಮಗೆ ತಿಳಿಯುವುದಿಲ್ಲ.

ಹಾಗಾದರೆ ತಪ್ಪನ್ನು ತಿದ್ದಲೇಬಾರದೇ? ತಿದ್ದಬೇಕು. ಹೇಗೆ ಎಂಬುದಕ್ಕೆ ಕೋಠಿಯಿಂದ ನಾಂಪಲ್ಲಿಯ ಕಡೆಗೆ ಹೋಗಬೇಕು. ಅಲ್ಲಿನ ಯೂಸುಫೈನ್ ದರ್ಗಾದ ಆವರಣದಲ್ಲಿ ಉರ್ದು ಕವಿ ದಾಗ್ ದೆಹಲವಿ ಮಣ್ಣಾಗಿದ್ದಾರೆ. ದೆಹಲಿಯಿಂದ ಬಂದು ಆರನೇ ನಿಜಾಮರ ಉಸ್ತಾದ್ ಆಗಿದ್ದು 1905ರಲ್ಲಿ ಇಲ್ಲೇ ತೀರಿಕೊಂಡವರು. ಅವರ ಶಾಗಿರ್ದರು ದೇಶದ ತುಂಬ ಇದ್ದರು. ಗಜಲು ಬರೆದು ಅಂಚೆಯಲ್ಲಿ ಹೈದರಾಬಾದಿಗೆ ಕಳುಹಿಸುತ್ತಿದ್ದರು. ದಾಗ್ ತಿದ್ದಿ, ಅಂದರೆ ಇಸ್ಲಾಹ್ ಮಾಡಿ, ವಾಪಸ್ ಕಳುಹಿಸುತ್ತಿದ್ದರು. ಪಂಜಾಬಿನಿಂದ ಹೀಗೆ ಕಳುಹಿಸಿದ ಒಬ್ಬ ಹುಡುಗನ ಹೆಸರು ಮುಹಮ್ಮದ್ ಇಕ್ಬಾಲ್. ಇಕ್ಬಾಲರ ಮೊದಲ ಉರ್ದು ಸಂಕಲನಕ್ಕೆ ಮುನ್ನುಡಿ ಬರೆದ ಅಬ್ದುಲ್ ಕಾದಿರ್ ಎರಡು ಸಂಗತಿ ಹೇಳುತ್ತಾರೆ. ಒಂದು, ಈ ಅಂಚೆಯ ಕೆಲಸಕ್ಕಾಗಿಯೇ ದಾಗ್ ಸಿಬ್ಬಂದಿ ಇಟ್ಟುಕೊಂಡಿದ್ದರು. ಎರಡು, ಸ್ವಲ್ಪ ಕಾಲದಲ್ಲೇ ಅವರು ಇಕ್ಬಾಲರಿಗೆ ನಿಮ್ಮ ಕವಿತೆಗೆ ತಿದ್ದುಪಡಿಯ ಅಗತ್ಯ ಹೆಚ್ಚೇನಿಲ್ಲ ಎಂದುಬಿಟ್ಟರು.

ಈ ಎರಡು ಸಂಗತಿಗಳಲ್ಲಿ ಎರಡು ಪಾಠ ಇದೆ. ತಿದ್ದುವುದು ಖಾಸಗಿ ಕೆಲಸ. ಕಾಗದ ಇಬ್ಬರ ನಡುವೆ ಹೋಗಿ ಬರುತ್ತದೆ. ಮುಶಾಯಿರಾದಲ್ಲಿ ಜನರ ಮುಂದೆ ಬರುವುದು ತಿದ್ದಿದ ಗಜಲು. ನಾವು ಇದನ್ನು ತಲೆಕೆಳಗೆ ಮಾಡಿದ್ದೇವೆ. ತಪ್ಪನ್ನು ಎಲ್ಲರೆದುರು ತೋರಿಸುತ್ತೇವೆ, ಮೆಚ್ಚುಗೆಯನ್ನು ಇನ್‌ಬಾಕ್ಸಿನಲ್ಲಿ ಹೇಳುತ್ತೇವೆ. ಇನ್ನೊಂದು, ಉತ್ತರ ಕೊಡುವುದು ಒಂದು ದುಡಿಮೆ. ಅದಕ್ಕೆ ಆಳು ಬೇಕು, ಹೊತ್ತು ಬೇಕು. ಅಡ್ಮಿನ್ ಎಂಬ ಪದವಿಯನ್ನು ನಾವು ಮೂವರಿಗೆ, ಐವರಿಗೆ ಗೌರವಕ್ಕಾಗಿ ಹಂಚುತ್ತೇವೆ. ಹೊಸಬರ ಬರಹಕ್ಕೆ ಎರಡು ದಿನದೊಳಗೆ ಉತ್ತರ ಬರೆಯುವ ಕೆಲಸವನ್ನು ಯಾರಿಗೂ ಹಂಚುವುದಿಲ್ಲ. ಉಸ್ತಾದ್-ಶಾಗಿರ್ದ್ ಪದ್ಧತಿ ಪೂರಾ ಒಳ್ಳೆಯದೆಂದು ಹೇಳುತ್ತಿಲ್ಲ. ಅದರಲ್ಲಿ ಮೇಲು-ಕೀಳು ಇತ್ತು, ಗುಂಪುಗಾರಿಕೆ ಇತ್ತು, ಹೆಣ್ಣುಮಕ್ಕಳಿಗೆ ಆ ಬಾಗಿಲು ಗಂಡಸರಿಗೆ ತೆರೆದಷ್ಟು ಸಲೀಸಾಗಿ ತೆರೆಯಲಿಲ್ಲ. ಆದರೂ ಬರೆದು ಕಳುಹಿಸಿದವನಿಗೆ ಉತ್ತರ ಬರುತ್ತಿತ್ತು.

ಉತ್ತರದ ಬೆಲೆ ನಮಗೆ ಕನ್ನಡದಲ್ಲೇ ಗೊತ್ತಿದೆ. ಪಿ. ಲಂಕೇಶ್ 1980ರಲ್ಲಿ ಶುರುಮಾಡಿದ ಪತ್ರಿಕೆಗೆ ಸಾರಾ ಅಬೂಬಕ್ಕರ್ ಒಂದು ಲೇಖನ ಕಳುಹಿಸಿದಾಗ ಅವರು ಹೆಸರಾಂತ ಲೇಖಕಿ ಆಗಿರಲಿಲ್ಲ. ನಲವತ್ತು ದಾಟಿದ, ಕಾಸರಗೋಡಿನಲ್ಲಿ ಕನ್ನಡ ಓದಿದ, ಮಲಯಾಳಂ ನಂಟಿನ ಮನೆಮಾತಿನ ಗೃಹಿಣಿ. ಲೇಖನ ಅಚ್ಚಾಯಿತು, ಇನ್ನೂ ಬರೆಯಿರಿ ಎಂಬ ಒತ್ತಾಸೆ ಬಂತು. 'ಚಂದ್ರಗಿರಿಯ ತೀರದಲ್ಲಿ' ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾಯಿತು. ಬಾನು ಮುಷ್ತಾಕ್ ಕೂಡ ಅದೇ ಪತ್ರಿಕೆಗೆ ವರದಿ ಮಾಡುತ್ತಿದ್ದರು. ಲಂಕೇಶರ ಪ್ರತಿಭೆಯನ್ನೋ ಸಾರಾ ಅವರ ಪ್ರತಿಭೆಯನ್ನೋ ನಾವು ವಾಟ್ಸ್ಆ್ಯಪಿನಲ್ಲಿ ತಯಾರಿಸಲು ಆಗುವುದಿಲ್ಲ ಎನ್ನುವುದು ಸರಿ. ಆದರೆ ಆ ಪ್ರತಿಭೆ ಇರುವವರು ಈಗಲೂ ಒಂದು ಪುಟ ಬರೆದು ಕಳುಹಿಸುತ್ತಿರಬಹುದು, ಮತ್ತು ಆ ಪುಟದ ಮೇಲೆ ಹದಿನೈದು ಫಾರ್ವರ್ಡ್‌ಗಳು ಬಂದು ಬಿದ್ದು ಯಾರಿಗೂ ಕಾಣದೇ ಹೋಗುತ್ತಿರಬಹುದು.

ಇನ್ನು 'ಏನು ಬರೆಯಬೇಕು' ಎಂಬ ಪ್ರಶ್ನೆ. "ಎಲ್ಲರೂ ಬರೆಯಿರಿ, ಏನಾದರೂ ಬರೆಯಿರಿ" ಎಂಬ ಆಹ್ವಾನ ನಮ್ಮ ಗ್ರೂಪುಗಳಲ್ಲಿ ವಾರಕ್ಕೊಮ್ಮೆ ಬರುತ್ತದೆ. ಅದರಷ್ಟು ಕಷ್ಟದ ಆಹ್ವಾನ ಬೇರೆ ಇಲ್ಲ. ಏನಾದರೂ ಎಂದರೆ ಹೊಸಬರಿಗೆ ಏನೂ ಹೊಳೆಯುವುದಿಲ್ಲ. ಹೊಳೆಯುವುದು ಆ ನಾಲ್ವರಿಗೆ ಮಾತ್ರ, ಅವರ ಹತ್ತಿರ ಬರೆದದ್ದು ಮೊದಲೇ ಇರುತ್ತದೆ. ಹೈದರಾಬಾದಿನ ಮುಶಾಯಿರಾಗಳಿಗೆ ಈ ಕಷ್ಟ ಗೊತ್ತಿತ್ತು. ಅದಕ್ಕೇ 'ತರಹೀ ಮುಶಾಯಿರಾ' ಎಂಬುದಿದೆ. ಒಂದು ಸಾಲನ್ನು ಮುಂಚೆಯೇ ಕೊಡುತ್ತಾರೆ, ಅದಕ್ಕೆ ಮಿಸ್ರಾ-ಎ-ತರಹ್ ಎಂದು ಹೆಸರು. ಅದೇ ಛಂದಸ್ಸು, ಅದೇ ಪ್ರಾಸದಲ್ಲಿ ಎಲ್ಲರೂ ಬರೆದು ತರಬೇಕು. ಉಸ್ತಾದನಿಗೂ ಅದೇ ಸಾಲು, ನಿನ್ನೆ ಬರೆಯಲು ಶುರುಮಾಡಿದವನಿಗೂ ಅದೇ ಸಾಲು. ನಮ್ಮ ಅವಧಾನಗಳ ಸಮಸ್ಯಾಪೂರಣವೂ ಹೆಚ್ಚುಕಡಿಮೆ ಇದೇ ಜಾಣತನ. ಕೆಲಸ ಚಿಕ್ಕದು, ಎಲ್ಲರಿಗೂ ಒಂದೇ, ಎಲ್ಲಿ ನಿಲ್ಲಿಸಬೇಕೆಂಬುದು ಗೊತ್ತು. ಜೊತೆಗೆ ಕೇಳುಗನಿಗೂ ಒಂದು ಕೆಲಸ ಇತ್ತು: 'ವಾಹ್' ಅನ್ನುವುದು, 'ಮುಕರ್ರರ್' ಎಂದು ಮತ್ತೆ ಹೇಳಿಸುವುದು. ಬರೆಯದವನೂ ಅಲ್ಲಿ ಸುಮ್ಮನಿರುತ್ತಿರಲಿಲ್ಲ.

ಸರಿಯಾದ ಪ್ರಶ್ನೆ ಕೇಳಿದರೆ ಎಷ್ಟು ಜನ ಬರುತ್ತಾರೆ ಎಂಬುದಕ್ಕೆ ಹೈದರಾಬಾದಿನದ್ದೇ ಇನ್ನೊಂದು ಉದಾಹರಣೆ. ಸುರವರಂ ಪ್ರತಾಪರೆಡ್ಡಿ 1926ರಲ್ಲಿ ಗೋಲಕೊಂಡ ಪತ್ರಿಕೆ ಶುರುಮಾಡಿದರು. ತೆಲಂಗಾಣದಲ್ಲಿ ಕವಿಗಳೇ ಇಲ್ಲ ಎಂಬ ಮಾತು ಒಮ್ಮೆ ಪತ್ರಿಕೆಯಲ್ಲಿ ಬಂತು. ಪ್ರತಾಪರೆಡ್ಡಿ ಅದಕ್ಕೆ ಸಂಪಾದಕೀಯ ಬರೆದು ಸುಮ್ಮನಾಗಲಿಲ್ಲ. ಹಳ್ಳಿ ಪಟ್ಟಣಗಳಿಂದ ಕವಿತೆ ತರಿಸಿ, ಕವಿಗಳ ವಿವರ ಸಹಿತ 1934ರಲ್ಲಿ 'ಗೋಲಕೊಂಡ ಕವುಲ ಸಂಚಿಕ' ಎಂಬ ಪುಸ್ತಕ ತಂದರು. ಅದರಲ್ಲಿ 354 ಕವಿಗಳು. ಇವರ್‍ಯಾರೂ ಆ ವರ್ಷ ಹೊಸದಾಗಿ ಹುಟ್ಟಿದವರಲ್ಲ. ಕೇಳಿದವರಿರಲಿಲ್ಲ, ಅಷ್ಟೇ. "ನಮ್ಮಲ್ಲಿ ಬರೆಯುವವರೇ ಇಲ್ಲ" ಎನ್ನುವ ಅಡ್ಮಿನ್‌ಗಳು ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಬೇಕು. ಇನ್ನೊಂದು ಅಂಶವನ್ನೂ ನೆನಪಿಡಬೇಕು: ಅದು ಪುಸ್ತಕವಾಗಿ ಉಳಿಯಿತು. ನಮ್ಮ ಗ್ರೂಪುಗಳ ಬರಹ ಫೋನಿನ ಮೆಮೊರಿ ತುಂಬಿದಾಗ ಶುಭಾಶಯದ ಚಿತ್ರಗಳ ಜೊತೆಗೇ ಡಿಲೀಟ್ ಆಗುತ್ತದೆ. ಉಳಿಯುವುದಿಲ್ಲ ಎಂದು ಗೊತ್ತಿದ್ದರೆ ಯಾರು ಮನಸ್ಸಿಟ್ಟು ಬರೆಯುತ್ತಾರೆ?

ಆನ್‌ಲೈನಿನಲ್ಲಿ ಉಳಿಯುವ ಕೆಲಸಕ್ಕೆ ನಮ್ಮ ಕಾಲದ ದೊಡ್ಡ ಮಾದರಿ ವಿಕಿಪೀಡಿಯ. ಕನ್ನಡ ಮತ್ತು ತೆಲುಗು ವಿಕಿಪೀಡಿಯಗಳು ಶುರುವಾದದ್ದು 2003ರಲ್ಲಿ, ಉರ್ದುವಿನದ್ದು 2004ರಲ್ಲಿ. ಮೂರರಲ್ಲೂ ಬರೆಯುವವರು ಸೇರಿ ಚರ್ಚೆ ಮಾಡಲು ಒಂದೊಂದು ಪುಟವಿದೆ, ಆ ಪುಟಕ್ಕೆ ಇಟ್ಟ ಹೆಸರು ನೋಡಿ. ಕನ್ನಡದಲ್ಲಿ ಅರಳಿ ಕಟ್ಟೆ. ತೆಲುಗಿನಲ್ಲಿ ರಚ್ಚಬಂಡ. ಉರ್ದುವಿನಲ್ಲಿ ದೀವಾನ್-ಎ-ಆಮ್. ಒಂದು ಮರದಡಿಯ ಕಟ್ಟೆ, ಒಂದು ಊರ ನಡುವಿನ ಬಂಡೆ, ಒಂದು ಬಾದಶಹನು ಪ್ರಜೆಗಳ ಅಹವಾಲು ಕೇಳುವ ಸಭಾಂಗಣ. ಹೆಸರುಗಳು ಮುದ್ದಾಗಿವೆ. ಆದರೆ ಊರಿನ ಅರಳಿಕಟ್ಟೆಯ ಮೇಲೆ ಯಾರು ಕೂರುತ್ತಿದ್ದರು? ಹೆಂಗಸರಲ್ಲ, ದಲಿತರಲ್ಲ. ದೀವಾನ್-ಎ-ಆಮಿನಲ್ಲಿ ಪ್ರಜೆ ನಿಂತಿರುತ್ತಿದ್ದ. ಹೆಸರಿನ ಜೊತೆ ಹಳೆಯ ರೂಢಿಯೂ ಬಂದುಬಿಟ್ಟಿತೇನೋ ಅನ್ನಿಸುತ್ತದೆ: 2011ರಲ್ಲಿ ವಿಕಿಪೀಡಿಯ ಸಂಪಾದಕರ ಸಮೀಕ್ಷೆ ನಡೆದಾಗ ಜಗತ್ತಿನಾದ್ಯಂತ ಅವರಲ್ಲಿ ಮಹಿಳೆಯರು ನೂರಕ್ಕೆ ಹತ್ತನ್ನೂ ಮುಟ್ಟಿರಲಿಲ್ಲ. ಬಾಗಿಲಿಗೆ ಬೀಗವಿಲ್ಲದ ಜಾಗದಲ್ಲೇ ಹೀಗಾದರೆ, ಬೀಗ ಇಲ್ಲದಿದ್ದರೆ ಸಾಕು ಎಂಬ ನಂಬಿಕೆ ತಪ್ಪು ಎಂದಾಯಿತು.

ಹೊಸಬರ ವಿಷಯದಲ್ಲೂ ವಿಕಿಪೀಡಿಯದಿಂದ ಕಲಿಯುವುದಿದೆ. 'ಹೊಸಬರನ್ನು ಕಚ್ಚಬೇಡಿ' ಎಂಬುದು ಅಲ್ಲಿನ ಹಳೆಯ ಮಾರ್ಗಸೂಚಿ. ಆದರೆ ಇಂಗ್ಲಿಷ್ ವಿಕಿಪೀಡಿಯದಲ್ಲಿ 2007ರ ನಂತರ ಸಕ್ರಿಯ ಸಂಪಾದಕರು ಕಡಿಮೆಯಾಗತೊಡಗಿದರು. ಯಾಕೆ ಎಂದು ಸಂಶೋಧಕರು ಹುಡುಕಿ 2013ರಲ್ಲಿ ಪ್ರಕಟಿಸಿದ ಉತ್ತರ: ತಪ್ಪು ತಡೆಯಲು ಮಾಡಿಕೊಂಡ ನಿಯಮಗಳು, ತಾನೇ ಅಳಿಸಿಹಾಕುವ ಸಾಧನಗಳು, ಒಳ್ಳೆಯ ಮನಸ್ಸಿನಿಂದ ಬಂದ ಹೊಸಬರ ಮೊದಲ ಬರಹವನ್ನೇ ತಿರಸ್ಕರಿಸಿದವು, ಅವರು ಮತ್ತೆ ಬರಲಿಲ್ಲ. ಇನ್ನು ಸಂಖ್ಯೆಯ ಮಾತು. ತೆಲುಗು ವಿಕಿಪೀಡಿಯದ ಲೇಖನಗಳು ಒಂದು ಲಕ್ಷ ದಾಟಿವೆ, ಕನ್ನಡದವು ಮೂವತ್ತು ಸಾವಿರದ ಚಿಲ್ಲರೆಯಲ್ಲಿವೆ. ತೆಲುಗಿನದ್ದರಲ್ಲಿ ಹಳ್ಳಿಗಳ ಮೇಲಿನ ಚುಟುಕು ಲೇಖನಗಳು ಬಹಳ ಎಂದು ಕೆಲವರು ಮೂಗು ಮುರಿಯುತ್ತಾರೆ. ನನಗೆ ಅದೇ ಅದರ ಗುಣವಾಗಿ ಕಾಣುತ್ತದೆ. ತನ್ನ ಹಳ್ಳಿಯ ಪುಟ ಮೊದಲೇ ಇದ್ದರೆ ಅದಕ್ಕೆ ಒಂದು ಸಾಲು, ಒಂದು ಫೋಟೋ ಸೇರಿಸಲು ಯಾರಿಗೂ ಧೈರ್ಯ ಬರುತ್ತದೆ. ಖಾಲಿ ಪುಟಕ್ಕೆ ಆ ಧೈರ್ಯ ಬರುವುದಿಲ್ಲ. ನಮ್ಮೂರ ದರ್ಗಾ, ನಮ್ಮ ಮದುವೆಯ ಹಾಡು, ಬ್ಯಾರಿ ಅಡುಗೆ, ಊರಿನ ಹಳೇ ಮದ್ರಸಾ: ಕನ್ನಡದಲ್ಲಿ ಒಂದೊಂದು ಸಾಲು ಸೇರಿಸಲು ಕಾದಿರುವ ಜಾಗ ಎಷ್ಟಿಲ್ಲ!

ಇಲ್ಲಿಯವರೆಗೆ ಅಡ್ಮಿನ್‌ಗಳನ್ನೇ ದೂರಿದ್ದಾಯಿತು. ಅವರ ಪರವಾಗಿಯೂ ಒಂದು ಮಾತಿದೆ, ಅದನ್ನು ಹೇಳದಿದ್ದರೆ ನ್ಯಾಯವಾಗುವುದಿಲ್ಲ. ನಮ್ಮ ಎಷ್ಟೋ ಗ್ರೂಪುಗಳಲ್ಲಿ 'ಅಡ್ಮಿನ್ ಮಾತ್ರ ಸಂದೇಶ ಕಳುಹಿಸಬಹುದು' ಎಂಬ ಬೀಗ ಬಿದ್ದಿರುವುದು ಸೋಮಾರಿತನದಿಂದಲ್ಲ, ಹೆದರಿಕೆಯಿಂದ. ಯಾವನೋ ಒಬ್ಬ ಯಾವುದೋ ವಿಡಿಯೋ ಹಾಕಿದರೆ ಪೊಲೀಸರು ಬರೋದು ಅಡ್ಮಿನ್ ಮನೆಗೆ ಎಂಬ ಭಯ ನಮ್ಮ ಸಮುದಾಯದಲ್ಲಿ ಕಾರಣವಿಲ್ಲದೆ ಹುಟ್ಟಿದ್ದಲ್ಲ. ಅಡ್ಮಿನ್ ಆಗಿದ್ದಾನೆಂಬ ಒಂದೇ ಕಾರಣಕ್ಕೆ ಸದಸ್ಯನ ಪೋಸ್ಟಿಗೆ ಅವನನ್ನು ಹೊಣೆ ಮಾಡಲಾಗದು ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ, ಬಾಂಬೆ ಹೈಕೋರ್ಟಿನ ನಾಗಪುರ ಪೀಠವೂ ಅದೇ ಧಾಟಿಯಲ್ಲಿ ಹೇಳಿದೆ. ತೀರ್ಪು ಇದ್ದರೂ ಹೆದರಿಕೆ ಒಂದೇ ದಿನಕ್ಕೆ ಹೋಗುವುದಿಲ್ಲ, ಒಪ್ಪೋಣ. ಆದರೆ ಬೀಗ ಹಾಕಿದ ಮೇಲೆ ಅದನ್ನು ಕೂಟ ಎನ್ನಬಾರದು, ನೋಟಿಸ್ ಬೋರ್ಡ್ ಎನ್ನಬೇಕು. ನೋಟಿಸ್ ಬೋರ್ಡಿನ ಮುಂದೆ ನಿಂತವರನ್ನು ಯಾಕೆ ಮಾತಾಡೋದಿಲ್ಲ ಎಂದು ಕೇಳಬಾರದು. ಹೆದರಿಕೆಗೆ ಮದ್ದು ಎರಡು ಸಾಲಿನ ಸ್ಪಷ್ಟ ನಿಯಮ ಮತ್ತು ಅದನ್ನು ಎಲ್ಲರ ಮೇಲೂ, ಹಿರಿಯರ ಮೇಲೂ, ಒಂದೇ ಥರ ಜಾರಿ ಮಾಡುವ ಇಬ್ಬರು ಮೂವರು. ಇಡೀ ಬಾಯಿಗೆ ಬೀಗ ಹಾಕುವುದು ಮದ್ದಲ್ಲ.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿಯೇ ಹೇಳಬೇಕು. ವಾಟ್ಸ್ಆ್ಯಪ್ ಗ್ರೂಪಿಗೆ ಒಬ್ಬ ವಿದ್ಯಾರ್ಥಿನಿ ಸೇರಿದ ಕೂಡಲೇ ಅವಳ ಮೊಬೈಲ್ ನಂಬರ್ ಅಲ್ಲಿರುವ ಎಲ್ಲರ ಕೈಗೂ ಸಿಗುತ್ತದೆ. ಒಂದು ಕವಿತೆ ಹಾಕುತ್ತಾಳೆ. ಗ್ರೂಪಿನಲ್ಲಿ ಒಂದು ಲೈಕ್, ಇನ್‌ಬಾಕ್ಸಿನಲ್ಲಿ ನಾಲ್ಕು ಹಾಯ್. ಅವಳು ಇದನ್ನು ಅಡ್ಮಿನ್ ಭಾಯಿಗೆ ಹೇಳಿದರೆ "ಬ್ಲಾಕ್ ಮಾಡಮ್ಮಾ, ದೊಡ್ಡದು ಮಾಡಬೇಡ" ಎಂಬ ಉತ್ತರ. ಮನೆಯಲ್ಲಿ ಹೇಳಿದರೆ ಫೋನೇ ಹೋಗುತ್ತದೆ. ಆದ್ದರಿಂದ ಅವಳು ಆರಿಸಿಕೊಳ್ಳುವುದು ಮೌನವನ್ನು. ಅದಕ್ಕೆ ನಾವು ಕೊಡುವ ಹೆಸರು 'ನಮ್ಮ ಹೆಣ್ಣುಮಕ್ಕಳಿಗೆ ಸಾಹಿತ್ಯದಲ್ಲಿ ಆಸಕ್ತಿ ಕಡಿಮೆ'. ನಂಬರ್ ಕಾಣದಂತೆ ಬರೆಯಲು ಟೆಲಿಗ್ರಾಂನಂಥ ವೇದಿಕೆಗಳಲ್ಲಿ ದಾರಿಯಿದೆ. ಗ್ರೂಪಿನ ಅಡ್ಮಿನ್‌ಗಳಲ್ಲಿ ಮಹಿಳೆಯರಿರಬಹುದು, ಬರೀ ಹೆಸರಿಗಲ್ಲ, ಯಾರನ್ನಾದರೂ ಹೊರಗೆ ಹಾಕುವ ಅಧಿಕಾರದ ಜೊತೆ. ಮಹಿಳೆಯರದ್ದೇ ಪ್ರತ್ಯೇಕ ಗ್ರೂಪ್ ಇರಲಿ, ಅದು ಬೇಕು. ಆದರೆ ದೊಡ್ಡ ಗ್ರೂಪನ್ನು ಗಂಡಸರ ಹಜಾರವಾಗಿಯೇ ಉಳಿಸಿಕೊಳ್ಳಲು ಅದು ನೆಪವಾಗಬಾರದು.

ಮೆಟ್ಟಿಲುಗಳ ಬಗ್ಗೆಯೂ ಒಂದು ಮಾತು. ಹೈದರಾಬಾದಿನಲ್ಲಿ ಉರ್ದು ಕಲಿಯುವವರಿಗಾಗಿ ಆಬಿದ್ ಅಲಿ ಖಾನ್ ಎಜುಕೇಷನಲ್ ಟ್ರಸ್ಟಿನವರು ಪರೀಕ್ಷೆಗಳನ್ನು ನಡೆಸುತ್ತಾರೆ. ಉರ್ದು ದಾನಿ, ಜಬಾನ್ ದಾನಿ, ಉರ್ದು ಇನ್ಶಾ. ಅಕ್ಷರದಿಂದ ಶುರುವಾಗಿ ಬರವಣಿಗೆಗೆ ಏರುವ ಮೂರು ಮೆಟ್ಟಿಲು. ಮೊದಲ ಮೆಟ್ಟಿಲು ಎಷ್ಟು ತಗ್ಗಿನಲ್ಲಿದೆ ನೋಡಿ. ಶಾಲೆ ಬಿಟ್ಟವರೂ, ಮನೆಯಲ್ಲೇ ಇರುವ ತಾಯಂದಿರೂ ಹತ್ತಬಹುದು. ನಮ್ಮ ಕನ್ನಡ ಕೂಟಗಳಲ್ಲಿ ಮೊದಲ ಮೆಟ್ಟಿಲೇ ಸ್ವರಚಿತ ಕವನ. ಅದರ ಕೆಳಗೆ ಏನೂ ಇಲ್ಲ. ಅಮ್ಮನ ಬಾಯಲ್ಲಿರುವ ಒಂದು ಗಾದೆಯನ್ನು ಟೈಪು ಮಾಡಿ ಹಾಕುವುದು, ಓದಿದ ಪುಸ್ತಕದ ಬಗ್ಗೆ ಮೂರು ವಾಕ್ಯ, ಊರಿನ ಒಂದು ಹಳೇ ಫೋಟೋಗೆ ಶೀರ್ಷಿಕೆ. ಇಂಥ ಕೆಲಸಗಳನ್ನು ಕೊಟ್ಟರೆ ಬರೆಯುವವನಿಗೂ ಸುಲಭ, ಉತ್ತರ ಕೊಡುವವನಿಗೂ ಸುಲಭ.

ಇದರಿಂದ ಮಟ್ಟ ಇಳಿಯುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಈಗಿರುವ ಮಟ್ಟ ಯಾವುದು? ಯಾರೋ ಬರೆದದ್ದನ್ನು ಹೆಸರು ಅಳಿಸಿ ಫಾರ್ವರ್ಡ್ ಮಾಡುವುದು, ಹೆಬ್ಬೆರಳಿನ ಗುರುತು ಒತ್ತುವುದು. ಮೂರು ವಾಕ್ಯ ಸ್ವಂತಕ್ಕೆ ಬರೆದರೆ ಅದು ಇಳಿಯುವುದಲ್ಲ.

ಸಂಘದ ವಾರ್ಷಿಕ ವರದಿಯಲ್ಲಿ 'ನಮ್ಮ ಗ್ರೂಪಿನಲ್ಲಿ ಇಷ್ಟು ಸದಸ್ಯರಿದ್ದಾರೆ' ಎಂದು ಬರೆಯುವ ವಾಡಿಕೆ ಇದೆ. ಮುಂದಿನ ವರ್ಷ ಆ ಸಾಲನ್ನು ತೆಗೆದು ಬೇರೆ ಮೂರು ಸಂಖ್ಯೆ ಕೊಡಲಿ. ಈ ವರ್ಷ ಮೊದಲ ಸಲ ಬರೆದವರು ಎಷ್ಟು ಜನ. ಅವರಲ್ಲಿ ಎಷ್ಟು ಜನಕ್ಕೆ ಎರಡು ದಿನದೊಳಗೆ ಉತ್ತರ ಹೋಯಿತು. ಅವರಲ್ಲಿ ಎರಡನೇ ಸಲ ಬರೆದವರು ಎಷ್ಟು. ಮೊದಲ ವರ್ಷ ಸಂಖ್ಯೆಗಳು ಚಿಕ್ಕವೇ ಇರುತ್ತವೆ. ಆದರೂ ಬರೆಯಲಿ, ಆಮೇಲೆ ಯಾರನ್ನು ದೂರಬೇಕೆಂದು ಆ ಸಂಖ್ಯೆಗಳನ್ನು ನೋಡಿಯೇ ತೀರ್ಮಾನಿಸೋಣ.